ಕೈ ಎಲ್ಲಿ, ಅಕ್ಕೋರೆ?

"ಈ ಡಿಸ್ಕ್ ನಡಿಯಂಗಿಲ್ರೀ. ಒಂದಲ್ಲ, ಎರಡಲ್ಲ, ಮೂರು ಮನಿಯಾಗ ಹಾಕಿ ನೋಡೀನಿ. ಕೆಲಸ ಬರಲಿಲ್ಲಂದ್ರ ಬರಂಗಿಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ಸುಮ್ಮನ ಮಂದಿಗೆ ಯಾಕ ಮೋಸ ಮಾಡ್ತೀರಿ?"

ಸಂಜೀವ ಕಂಪ್ಯೂಟರಿನಿಂದ ತಲೆ ಎತ್ತಿದ. ರಾಯಚೂರಿನ ತೀನ್ ಕಂದೀಲ್ ಬಳಿಯ ಹಳೆಯ ಕಟ್ಟಡದ ಮೇಲ್ಮಹಡಿಯಲ್ಲಿ ಅವನ ಮಿಕ್ಸಿಂಗ್ ಅಂಗಡಿ. ಮದುವೆಯ ವಿಡಿಯೋಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ಹೂವಿನ ಚೌಕಟ್ಟು ಕಟ್ಟಿ ಕೊಡುವುದು ಹದಿಮೂರು ವರ್ಷಗಳ ಕಸುಬು. ಏಪ್ರಿಲ್ ತಿಂಗಳ ಬಿಸಿಲು ತಗಡಿನ ಮಾಡನ್ನು ಕಾಯಿಸುತ್ತಿತ್ತು. ಲಗ್ನದ ಸುಗ್ಗಿ ಅವನನ್ನು ಕಾಯಿಸುತ್ತಿತ್ತು. ಕಣ್ಣೊಳಗೆ ಮರಳು ಹೊಕ್ಕಂತಹ ದಣಿವು.

ಬಾಗಿಲಲ್ಲಿ ನಿಂತವಳಿಗೆ ಮೂವತ್ತು ದಾಟಿರಬಹುದು. ನೀಲಿ ಅಂಚಿನ ಹತ್ತಿ ಸೀರೆ, ಹೆಗಲಿಗೆ ಬಟ್ಟೆಯ ಚೀಲ, ಬಿಸಿಲಿಗೆ ಕೆಂಡವಾದ ಮುಖ. ಆ ಮುಖದಲ್ಲಿ ಎರಡು ಕಣ್ಣುಗಳು, ತಪ್ಪು ಲೆಕ್ಕ ಮಾಡಿದ ಹುಡುಗನನ್ನು ಎಬ್ಬಿಸಿ ನಿಲ್ಲಿಸಿದಂತೆ ಅವನನ್ನು ನೋಡುತ್ತಿದ್ದವು. ಮಾತಿನ ಜೊತೆಗೆ ಆಕೆಯ ಕೈಗಳೂ ಏನೋ ಹೇಳುತ್ತಿದ್ದವು. ಆದರೆ ಹದಿಮೂರು ವರ್ಷ ಮುಖಗಳನ್ನೇ ಹುಡುಕಿದ ಕಣ್ಣು ಮುಖಕ್ಕೇ ಹೋಗುತ್ತದೆ. ಸಂಜೀವ ಕೈಗಳನ್ನು ಗಮನಿಸಲಿಲ್ಲ.

ಡಿಸ್ಕಿನ ಮೇಲಿನ ಬರಹವನ್ನು ಮಾತ್ರ ಗುರುತಿಸಿದ. ಅದು ಕೆಳಗಿನ ಝೆರಾಕ್ಸ್ ಅಂಗಡಿಯ ಪ್ರಭುರಾಜನ ಅಕ್ಷರ. ಎರಡು ಅಂಗಡಿಗೂ ಒಂದೇ ಮೆಟ್ಟಿಲು. ಆಕೆ ಒಂದು ಮಹಡಿ ಹೆಚ್ಚು ಹತ್ತಿದ್ದಳು. ಹೇಳಿಬಿಡಬಹುದಿತ್ತು. ಹೇಳಲಿಲ್ಲ. 'ಅರ್ಜೆಂಟ್', 'ಇನ್ನೊಂದಿಷ್ಟು ಎಫೆಕ್ಟ್' ಎಂಬ ಮಾತುಗಳಿಂದ ಸವೆದ ಅವನ ಕಿವಿಯ ಮೇಲೆ ಆ ನ್ಯಾಯವಾದ ಸಿಟ್ಟು ಹೂಜಿಯ ನೀರಿನಂತೆ ತಣ್ಣಗೆ ಬೀಳುತ್ತಿತ್ತು.

"ಯಾಕ್ರೀ, ಬಾಯಿ ಇಲ್ಲೇನು?"

"ಅದ್ರೀ. ಅದರ ಪಾಳಿ ಬರಲಿ ಅಂತ ಕುಂತೀನಿ."

"ಈಗ ಬಂದದ. ಹೇಳ್ರಿ."

"ಆ ಡಿಸ್ಕ್ ನಂದಲ್ಲ, ಟೀಚರ್. ಕೆಳಗಿನ ಅಂಗಡಿದು."

ಆಕೆ ಡಿಸ್ಕನ್ನು ನೋಡಿದಳು, ಮೆಟ್ಟಿಲನ್ನು ನೋಡಿದಳು, ಕೊನೆಗೆ ಅವನನ್ನು ನೋಡಿದಳು. ಸಿಟ್ಟು ಇಳಿದು ಹೋದ ಜಾಗದಲ್ಲಿ ನಾಚಿಕೆ ಬಂದು ಕುಳಿತಿತು.

"ಮೊದಲ ಹೇಳಬಾರದೇನು?"

"ಇಷ್ಟು ಚಂದ ಬೈಯೋರನ್ನ ನಡುವ ತಡೆಯೂದು ಪಾಪ."

"ನಾ ಟೀಚರ್ ಅಂತ ಯಾರು ಹೇಳಿದ್ರು?"

"ನಾನು ಬೆನ್ನು ನೆಟ್ಟಗ ಮಾಡಿ ಕುಂತೀನಿ ನೋಡ್ರಿ. ಸಾಲಿ ಬಿಟ್ಟಮ್ಯಾಲೆ ಹಿಂಗ ಕುಂತಿದ್ದು ಇವತ್ತೇ."

ಆಕೆ ನಗಲಿಲ್ಲ. ಆದರೆ ನಗೆಯನ್ನು ತಡೆಯಲು ಕೆಳತುಟಿಯನ್ನು ಒಳಕ್ಕೆ ಎಳೆದುಕೊಂಡಳು. ಆ ಒಂದು ಕ್ಷಣವನ್ನು ಸಂಜೀವ ಮನಸ್ಸಿನಲ್ಲೇ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೊಮ್ಮೆ ನೋಡಿದ. ಕಸುಬಿನ ಚಟ.

ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದ. ಒಳಗೆ ಒಂಬತ್ತು ವಿಡಿಯೋಗಳಿದ್ದವು. ಐದು ಫೋನನ್ನು ಉದ್ದಕ್ಕೆ ಹಿಡಿದು ತೆಗೆದವು, ನಾಲ್ಕು ಅಡ್ಡಕ್ಕೆ ಹಿಡಿದು ತೆಗೆದವು.

"ಪ್ರಭುರಾಜ ಮೋಸ ಮಾಡಿಲ್ರೀ. ಫೈಲುಗಳನ್ನ ಹಂಗೇ ತುಂಬಿ ಕೊಟ್ಟಾನ. ಕಂಪ್ಯೂಟರ್ ಅದನ್ನ ಓದತದ, ಮನಿ ಪ್ಲೇಯರ್ ಓದಂಗಿಲ್ಲ. ಚೀಲದಾಗ ಜೋಳ ಅದಾವ, ತಾಟಿನ್ಯಾಗ ರೊಟ್ಟಿ ಇಲ್ಲ. ಒಂಬತ್ತನ್ನೂ ಒಂದೇ ಹದಕ್ಕ ತಂದು, ಒಂದರ ಬೆನ್ನಿಗೆ ಒಂದು ಜೋಡಿಸಿ, ಪ್ಲೇಯರಿಗೆ ತಿಳಿಯೋ ಹಂಗ ಕಟ್ಟಬೇಕು. ಈಗಿನ ಕಾಲದಾಗ ಡಿವಿಡಿ ಯಾಕ್ರೀ? ಫೋನಿಗೆ ಕಳಿಸಿಬಿಡ್ರಿ."

"ಯಾರ ಫೋನಿಗೆ?" ಆಕೆಯ ದನಿ ಮತ್ತೆ ನೆಟ್ಟಗಾಯಿತು. "ಫೋನು ಗಂಡನ ಕಿಸೆದಾಗ ಇರತದ. ಗಂಡ ದುಡಿಯಾಕ ಹೋದ್ರ ಅದೂ ಹೋಗತದ. ಮನಿಯಾಗ ಉಳಿಯೂದು ಅವ್ವ, ಕೂಸು, ಮತ್ತ ಲಗ್ನದಾಗ ಬಂದ ಟಿವಿ, ಪ್ಲೇಯರ್. ಇಪ್ಪತ್ತೆರಡು ಅವ್ವಂದಿರನ್ನ ಕೇಳೀನಿ. ಹತ್ತೊಂಬತ್ತು ಮನಿಯಾಗ ಪ್ಲೇಯರ್ ಇನ್ನೂ ನಡೀತದ."

ಒಂದು ಸಂಸಾರದ ಮಾತೆಲ್ಲವೂ ಒಬ್ಬ ಗಂಡಸಿನ ಕಿಸೆಯಲ್ಲಿ ಸೇರಿಕೊಂಡಿದ್ದರೂ ಯಾರಿಗೂ ಅದು ಅನ್ಯಾಯವೆನಿಸದ ಕಾಲವಿದು.

ಆಕೆಯ ಹೆಸರು ಮೌನೇಶ್ವರಿ. ಮಾನ್ವಿ ತಾಲ್ಲೂಕಿನ ಕುರ್ಡಿಯವಳು. ಮಾನ್ವಿಯ ಕಿವುಡ ಮಕ್ಕಳ ವಸತಿ ಶಾಲೆಯಲ್ಲಿ ಶಿಕ್ಷಕಿ.

"ಓ, ಮೂಗರ ಸಾಲಿ..." ಎಂದು ಸಂಜೀವ ಅಂದುಬಿಟ್ಟ.

"ಮೂಗರಲ್ಲ. ಅವರು ಮಾತಾಡ್ತಾರ, ಕೈಯಿಂದ. ನಮಗ ಕಣ್ಣಿಲ್ಲ, ಅದಕ್ಕ ಕೇಳಂಗಿಲ್ಲ."

ಬೇಸಿಗೆ ರಜೆಗೆ ಶಾಲೆ ಮುಚ್ಚಲು ಹತ್ತು ದಿನವಿತ್ತು. ಮುಚ್ಚುವ ದಿನ, ಬುಧವಾರ, ತಾಯಂದಿರು ಬಂದು ಮಕ್ಕಳನ್ನು ಊರಿಗೆ ಕರೆದೊಯ್ಯುತ್ತಾರೆ. ಮುಂದಿನ ಎರಡು ತಿಂಗಳು ಆ ಮಕ್ಕಳ ಕೈಮಾತು ತಿಳಿಯುವವರು ಮನೆಯಲ್ಲಿ ಒಬ್ಬರೂ ಇರುವುದಿಲ್ಲ. ಅನ್ನ, ನೀರು, ಭಯ, ನೋವು, ದಣಿವು, ಮನೆ, ಬಾ, ಕೂಡಿ, ಬೇಕು, ಬೇಡ, ಸಾಕು, ಇಷ್ಟನ್ನಾದರೂ ತಾಯಂದಿರು ಕಲಿಯಲಿ ಎಂದು ಆಕೆ ಒಂಬತ್ತು ಪಾಠಗಳನ್ನು ಮಾಡಿದ್ದಳು.

"ನನ್ನ ತಮ್ಮ ಸುಭಾಷಗೆ ಕಿವಿ ಕೇಳಿಸ್ತಿರಲಿಲ್ಲ," ಎಂದಳು, ಸೀರೆಯ ಅಂಚನ್ನು ನೋಡುತ್ತ. "ಹೊಟ್ಟಿ ನೋವು ಅಂತ ಹೇಳಾಕ ಅವನ ಕಡೆ ಮಾತಿರಲಿಲ್ಲ. ಮೂರು ದಿನ ಅತ್ತ. ಹಟ ಮಾಡ್ತಾನಂತ ಮನಿಯಾಗ ಎಲ್ಲಾರೂ ಹೊಡೆದ್ರು. ನಾನೂ ಹೊಡೆದೀನಿ. ನಾಕನೇ ದಿನ ಅವ ಇರಲಿಲ್ಲ."

ಫ್ಯಾನು ಕಿರಗುಟ್ಟುತ್ತ ತಿರುಗಿತು. ಸಂಜೀವ ಆಕೆಗೆ ನೀರಿನ ಲೋಟ ಮುಂದೆ ಮಾಡಿದ.

"ಬುಧವಾರಕ್ಕ ನಾ ಕೊಡ್ತೀನಿ, ಟೀಚರ್."

"ಮಾತು?"

"ಮಾತು."

*

ಮರುದಿನದಿಂದ ಸಂಜೀವ ಮದುವೆಗಳನ್ನು ಬದಿಗಿಟ್ಟ. ಮದುಮಗಳ ಕಣ್ಣೀರಿಗೆ ಹಾಡು ಹುಡುಕುವ ಕೆಲಸ ಅವನಿಗೆ ಸಾಕಾಗಿ ವರ್ಷಗಳೇ ಆಗಿದ್ದವು. ಸಾವಿರ ಮಂದಿಯ ಮದುವೆಯನ್ನು ಚಂದಗಾಣಿಸಿದವನು ತಾನು ಮಾತ್ರ ಮದುವೆಯಾಗದೆ ಮೂವತ್ತಾರಕ್ಕೆ ಬಂದಿದ್ದ. ಕೇಳಿದವರಿಗೆ, "ಬಾಣಸಿಗಗ ಹಸಿವು ಆಗಂಗಿಲ್ಲ" ಎನ್ನುತ್ತಿದ್ದ.

ಈಗ ಪರದೆಯ ಮೇಲೆ ದಿನವಿಡೀ ಒಂದೇ ಮುಖ. ಮೌನೇಶ್ವರಿ ಹುಬ್ಬು ಎತ್ತಿದರೆ ಪ್ರಶ್ನೆ, ಇಳಿಸಿದರೆ ಉತ್ತರ. 'ಭಯ' ಎನ್ನುವಾಗ ಆಕೆಯ ಕಣ್ಣು ಅಗಲವಾಗುತ್ತಿತ್ತು. 'ಸಾಕು' ಎನ್ನುವಾಗ ಬಲಗೆನ್ನೆಯಲ್ಲಿ ಸಣ್ಣ ಕುಳಿ ಬೀಳುತ್ತಿತ್ತು. ಒಂದು ಪಾಠದ ಕೊನೆಯಲ್ಲಿ, ಕ್ಯಾಮೆರಾ ನಿಂತಿತೆಂದು ತಿಳಿದು ಆಕೆ ಬಿಟ್ಟ ಉಸಿರೊಂದು ಉಳಿದುಹೋಗಿತ್ತು. ದಿನವಿಡೀ ನಿಂತು ದುಡಿದವಳ ಉಸಿರು. ಅದನ್ನು ಕತ್ತರಿಸಬೇಕಿತ್ತು. ಕತ್ತರಿಸಲು ಅವನಿಗೆ ಮನಸ್ಸಾಗಲಿಲ್ಲ.

ಎರಡು ಸಲ ಆಕೆ ಮಾನ್ವಿಯಿಂದ ಬಸ್ಸು ಹತ್ತಿ ಬಂದಳು. ಪಾಠಗಳ ಕ್ರಮ ಹೇಳಿಕೊಟ್ಟಳು. ಪೂರ್ತಿಯಾಗುವ ಮೊದಲು ತೋರಿಸುವುದಿಲ್ಲವೆಂದು ಅವನು ಪರದೆಯನ್ನು ಗೋಡೆಯ ಕಡೆ ತಿರುಗಿಸಿಡುತ್ತಿದ್ದ. ಬರುವಾಗ ಬಾಗಿಲಲ್ಲೇ ನಿಂತು, "ಅಂಗಡಿ ಇದೇ ಅಲ್ರೀ?" ಎಂದು ಕೇಳುತ್ತಿದ್ದಳು.

"ಬೈಯೋದಿದ್ರ ಇದೇ, ಟೀಚರ್. ಝೆರಾಕ್ಸ್ ಇದ್ರ ಕೆಳಗ."

ಎರಡನೆಯ ಸಲ ಸಂಜೀವನ ತಾಯಿ ಆದೆಮ್ಮ ಮಗನಿಗೆ ಬುತ್ತಿ ತಂದಿದ್ದಳು. ಶಿಕ್ಷಕಿಯ ಕೈಗೂ ರೊಟ್ಟಿ, ಪುಂಡಿಪಲ್ಲೆ ಕೊಟ್ಟಳು. ಉಂಡ ಮೇಲೆ ಮೌನೇಶ್ವರಿ ಬಲಗೈಯನ್ನು ಎದೆಯ ಮೇಲಿಟ್ಟು ಮುಂದಕ್ಕೆ ಚಾಚಿದಳು. "ಹೊಟ್ಟಿ ತುಂಬಿತಂತಾ?" ಎಂದಳು ಆದೆಮ್ಮ. "ಅಲ್ಲಬೇ, ನಿನ್ನ ಕೈಗೆ ಶರಣು ಅಂತ," ಎಂದು ಮೌನೇಶ್ವರಿ ನಕ್ಕಳು. ಮುದುಕಿ ತನ್ನ ಒಡಕು ಅಂಗೈಗಳನ್ನು ಮೊದಲ ಸಲ ಕಂಡವಳಂತೆ ತಿರುಗಿಸಿ ನೋಡಿಕೊಂಡಳು.

ಭಾನುವಾರದ ಹೊತ್ತಿಗೆ ಮೊದಲ ಡಿಸ್ಕು ಸಿದ್ಧವಾಯಿತು.

*

"ಒಂದು ಮನಿಯಾಗ ಹಾಕಿ ನೋಡದೆ ಇಪ್ಪತ್ತೆರಡು ಮಾಡಿಸಂಗಿಲ್ಲ," ಎಂದು ಮೌನೇಶ್ವರಿ ಹಟ ಹಿಡಿದಳು. ಇಬ್ಬರೂ ದೇವದುರ್ಗದ ಬಸ್ಸು ಹತ್ತಿ ಗಬ್ಬೂರಿನಲ್ಲಿ ಇಳಿದರು. ಹತ್ತಿ ಬಿಡಿಸುವ ಕೂಲಿಯ ಗೋಪಮ್ಮನ ಮನೆ ಅಲ್ಲಿ. ಅವಳ ಎಂಟು ವರ್ಷದ ಮಗಳು ಸವಿತಾ ಜ್ವರ ಬಂದು ಒಂದು ವಾರ ಮೊದಲೇ ಮನೆಗೆ ಬಂದಿದ್ದಳು.

ಬಸ್ಸಿನಲ್ಲಿ ಸೀಟು ಒಂದೇ ಸಿಕ್ಕಿತ್ತು. ಸಂಜೀವ ನಿಂತ. ಆಕೆ ಕಿಟಕಿಯ ಕಡೆ ಸರಿದು ಅರ್ಧ ಸೀಟು ಬಿಟ್ಟಳು; ಅವನು ಕೂರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಅವನತ್ತ ನೋಡದೆಯೇ, ಖಾಲಿ ಜಾಗವನ್ನು ಬೆರಳಿನಿಂದ ಎರಡು ಸಲ ತಟ್ಟಿದಳು. ಅವನು ಕುಳಿತ. ಆ ಹಾದಿಯುದ್ದಕ್ಕೂ ನಡುವೆ ಇದ್ದದ್ದು ಒಂದು ಬಟ್ಟೆಯ ಚೀಲ. ಅದರ ಮೇಲೆ ಆಕೆಯ ಕೈ.

ಗೋಪಮ್ಮನ ಪ್ಲೇಯರು ಡಿಸ್ಕನ್ನು ಒಳಕ್ಕೆಳೆದುಕೊಂಡು ಗುರುಗುಟ್ಟಿತು. ಟಿವಿಯಲ್ಲಿ ಚೆಂಡುಹೂವಿನ ಮಾಲೆ ಇಳಿಯಿತು. 'ಪಾಠ ಒಂದು' ಎಂಬ ಅಕ್ಷರ ಹೊಳೆಯಿತು.

"ನಡೀತು!" ಎಂದು ಮೌನೇಶ್ವರಿ ಎದ್ದು ನಿಂತಳು. ಸಂತೋಷದಲ್ಲಿ ಅವನ ತೋಳನ್ನು ಹಿಡಿದು, ಹಿಡಿದದ್ದು ತಿಳಿದು ಬಿಟ್ಟಳು.

ಪರದೆಯ ತುಂಬ ಅವಳ ಮುಖ ಬಂದಿತು. ಮೂರನೆಯ ಪಾಠಕ್ಕೆ ಗೋಪಮ್ಮ ಮುಂದಕ್ಕೆ ಬಾಗಿದಳು. 'ನೋವು ಎಲ್ಲಿದೆ' ಎಂಬ ಪಾಠ. ಪರದೆಯ ಮೇಲಿನ ಹುಬ್ಬುಗಳು ಗಂಟಿಕ್ಕಿದವು, ತುಟಿ ನೋವಿನಿಂದ ಸೊಟ್ಟಗಾಯಿತು. ಸವಿತಾ ಟಿವಿಯ ಹತ್ತಿರ ಹೋದಳು. ಪರದೆಯ ಕೆಳಗಿನ ಅಂಚಿಗೆ ಮುಖ ತಾಗಿಸಿ ನೋಡಿದಳು. ಅಲ್ಲಿ ಏನೂ ಕಾಣದೆ, ಟಿವಿಯ ಕೆಳಗೆ ಕೈ ಹಾಕಿ ತಡವಿದಳು. ಹಿಂದಕ್ಕೂ ಹೋಗಿ ಹಣಿಕಿದಳು. ಕೊನೆಗೆ ತಾಯಿಯ ಕಡೆ ತಿರುಗಿ ಎರಡೂ ಅಂಗೈಗಳನ್ನು ಬರಿದಾಗಿ ಚಾಚಿದಳು.

"ಅಕ್ಕೋರೆ," ಎಂದಳು ಗೋಪಮ್ಮ, ಸಂಕೋಚದಿಂದ. "ಮಾರಿ ಬಾಳ ಚಂದ ಬಂದದ. ಕೈ ಎಲ್ಲಿ?"

ಡಿಸ್ಕು ತಾನೇ ಓಡುತ್ತಿತ್ತು. ನಾಲ್ಕನೆಯ ಪಾಠ, ಐದನೆಯದು, ಆರನೆಯದು. ಎಲ್ಲದರಲ್ಲೂ ಕಣ್ಣು, ಕೆನ್ನೆ, ತುಟಿ. ಒಂದರಲ್ಲೂ ಕೈಯಿಲ್ಲ.

*

ಬಸ್ ನಿಲ್ದಾಣದ ಬೇವಿನ ನೆರಳಲ್ಲಿ ಸಂಜೀವ ವಿವರಿಸಲು ಹೊರಟ. "ಫೋನು ಉದ್ದಕ್ಕ ಹಿಡಿದು ತೆಗೆದ್ರ ಟಿವಿಯಾಗ ಎರಡೂ ಬದಿಗೆ ಕರಿ ಪಟ್ಟಿ ಬರತದ. ಗಿರಾಕಿಗೆ ಅದು ಸೇರಂಗಿಲ್ಲ, 'ಅರ್ಧ ಟಿವಿ ಖಾಲಿ ಕೊಟ್ಟಿ' ಅಂತಾರ. ಅದಕ್ಕ ಚಿತ್ರ ದೊಡ್ಡದು ಮಾಡಿ ತುಂಬಿಸ್ತೀವಿ. ಮ್ಯಾಲಿಂದು, ಕೆಳಗಿಂದು ಹೋಗತದ. ನಮ್ಮ ಕೆಲಸದ ರೂಢಿ, ಟೀಚರ್..."

"ಉದ್ದಕ್ಕ ತೆಗೆದಿದ್ದು ಐದು." ಆಕೆಯ ದನಿ ತಗ್ಗಿತ್ತು, ಅದಕ್ಕೇ ಹೆಚ್ಚು ಕೊಯ್ಯುತ್ತಿತ್ತು. "ಅದಕ್ಕ ನೀವು ಹೇಳಿದ ಕಾರಣ ಸರಿ ಅನ್ರಿ. ಅಡ್ಡಕ್ಕ ತೆಗೆದ ನಾಕು ಟಿವಿಗೆ ಸರಿಯಾಗೇ ಕೂಡ್ತಿದ್ದವು. ಅವನ್ಯಾಕ ದೊಡ್ಡದು ಮಾಡಿದ್ರಿ?"

ಸಂಜೀವ ನೆಲ ನೋಡಿದ. ಆ ನಾಲ್ಕಕ್ಕೆ ರೂಢಿಯ ನೆಪವಿರಲಿಲ್ಲ. ಇದ್ದ ಕಾರಣ ಒಂದೇ. ಅದು ಅವನ ಕಿವಿಯಂಚಿನಲ್ಲಿ ಕೆಂಪಾಗಿ ಕಾಣಿಸಿಕೊಂಡಿತು. ಆಕೆಯೂ ಕಂಡಳು.

"ಮಾರಿ ನೋಡಿ ಕುಂತ್ರಿ," ಎಂದಳು. "ನೀವೂ ಅಷ್ಟೇ. ಇಲ್ಲಿ ತನಕ ಒಂಬತ್ತು ಮಂದಿ ನನ್ನ ನೋಡಾಕ ಬಂದಾರ. ಮಾರಿ ಲಕ್ಷಣ ಅದ ಅಂದ್ರು, ಕೆಲಸ ಬಿಡು ಅಂದ್ರು. 'ಆ ಕೈ ಆಡಸೂದು ನಮ್ಮ ಮನಿಯಾಗ ನಡಿಯಂಗಿಲ್ಲ' ಅಂದ ಒಬ್ಬ. ನಮ್ಮವ್ವ ತಿಮ್ಮವ್ವ ನಲವತ್ತು ವರ್ಷ ಮಂದಿ ಹೊಲದಾಗ ಕಳೆ ಕಿತ್ತಾಳ. ಊರ ಹೊರಗಿನ ಓಣಿ ನಮ್ಮದು. ನಮ್ಮ ಮನಿಯಾಗ ಬುದ್ಧನ ಪಟದ ಮುಂದ ಅವ್ವ ದೀಪ ಹಚ್ಚಿದ್ರ, ನಾ ಮೊದಲ ನೋಡೂದು ಅವಳ ಬೆರಳು. ನಾವು ಕೈಯಿಂದ ಬಂದ ಮಂದಿ. ಕೈ ತೆಗೆದುಬಿಟ್ರ ನಾ ಉಳಿಯಂಗಿಲ್ರೀ."

ಅವಮಾನವಲ್ಲ, ನಿಜ ತಿಳಿದ ಭಾರ ಸಂಜೀವನನ್ನು ಕಲ್ಲುಕಟ್ಟೆಯ ಮೇಲೆ ಕೂರಿಸಿತು.

"ನಾ ಕತ್ತರಿಸಿದ್ದು ಇದೇ ಮೊದಲಲ್ಲ," ಎಂದ. "ಎಂಟು ವರ್ಷದ ಹಿಂದ ನನ್ನ ತಂಗಿ ಲಗ್ನ. ಅಪ್ಪ ತೀರಿಹೋಗಿದ್ದ. ವಿಧವೆ ಮಾರಿ ಶುಭದ ಡಿಸ್ಕಿನ್ಯಾಗ ಬ್ಯಾಡ ಅಂದ್ರು ಹಿರೇರು. ಅವ್ವ ಎಲ್ಲೆಲ್ಲಿ ಬಂದಿದ್ದಳೋ ಅಷ್ಟೂ ನಾನೇ ಕತ್ತರಿಸೀನಿ. ಅವ್ವ ಆ ಡಿಸ್ಕ್ ಹಾಕ್ಕೊಂಡು ಕೂಡತಿದ್ದಳು. ಒಂದು ದಿನ ಕೇಳಿದಳು, 'ನಾ ಎಲ್ಲಿ ಅದೀನಿ, ಯಪ್ಪಾ?' ಅಂತ. ಮುಂದ ಬರತೀ ನೋಡಬೇ ಅಂದೆ. ಆಕಿ ಕೊನಿತನಕ ನೋಡಿದಳು. ಮತ್ತ ಕೇಳಲಿಲ್ಲ."

ಹೆತ್ತ ಹೊಟ್ಟೆ ಅಮಂಗಲವೆಂದು ತೀರ್ಮಾನಿಸುವ ಹಿರಿಯರಿಗೆ ಆ ಮದುವೆಯ ಊಟ ಮಾತ್ರ ಮಂಗಲವಾಗಿತ್ತು. ಆದರೆ ಕತ್ತರಿ ಹಿಡಿದವನು ಹಿರಿಯರಲ್ಲ. ಈ ಮಾತನ್ನು ಮೌನೇಶ್ವರಿ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಅವನ ಮುಖವೇ ಹೇಳುತ್ತಿತ್ತು.

ರಾಯಚೂರಿನ ಬಸ್ಸು ಧೂಳೆಬ್ಬಿಸಿಕೊಂಡು ಬಂದಿತು.

"ಕತ್ತರಿಸಿದ್ದು ಎಲ್ಲಿ ಇಟ್ಟೀರಿ?" ಎಂದು ಆಕೆ ಕೇಳಿದಳು.

"ಹಾರ್ಡ್ ಡಿಸ್ಕಿನ್ಯಾಗ. ಅಳಿಸಾಕ ಕೈ ಬರಲಿಲ್ಲ."

"ಅಂದ್ರ ಇನ್ನೂ ಅದ." ಆಕೆ ಚೀಲವನ್ನು ಹೆಗಲಿಗೇರಿಸಿದಳು. "ಬುಧವಾರ ಮುಂಜಾನಿ ಹತ್ತಕ್ಕ ಅವ್ವಂದಿರು ಬರತಾರ. ಮಾತು ಕೊಟ್ಟೀರಿ."

ಬಸ್ಸಿನಲ್ಲಿ ಆಕೆ ಮುಂದಿನ ಸೀಟಿನಲ್ಲಿ ಕುಳಿತಳು. ಪಕ್ಕದ ಜಾಗ ಖಾಲಿಯಿತ್ತು. ಈ ಸಲ ಯಾವ ಬೆರಳೂ ಅದನ್ನು ತಟ್ಟಲಿಲ್ಲ.

*

ಸೋಮವಾರ ಸಂಜೀವ ಹೂವಿನ ಮಾಲೆಗಳನ್ನು ಕಿತ್ತ. ಹಾಡನ್ನು ತೆಗೆದ. ಒಂಬತ್ತೂ ವಿಡಿಯೋಗಳನ್ನು ಇದ್ದ ಅಳತೆಗೆ ಇಳಿಸಿದ. ಐದರಲ್ಲಿ ಎಡಬಲಕ್ಕೆ ಕರಿ ಪಟ್ಟಿ ಬಂದು ಅರ್ಧ ಟಿವಿ ಖಾಲಿಯಾಯಿತು. ಹದಿಮೂರು ವರ್ಷ ನಾಚಿಕೆಯೆಂದು ಮುಚ್ಚಿದ ಆ ಕತ್ತಲೆಯ ನಡುವೆ, ಕಿರಿದಾದ ಬೆಳಕಿನ ಕಂಬದಲ್ಲಿ, ಮೌನೇಶ್ವರಿ ತಲೆಯಿಂದ ನಡುವಿನವರೆಗೆ ನಿಂತಿದ್ದಳು. ಎರಡು ಕೈಗಳೂ ಇದ್ದವು.

ಅವನು ಆಗ ಮೊದಲ ಸಲ ಆ ಕೈಗಳನ್ನು ನೋಡಿದ. ಬೆರಳುಗಳು ಕೂಡಿ ಬಾಯಿಗೆ ಬಂದರೆ ಅನ್ನ. ಎರಡು ಅಂಗೈ ತುದಿ ಸೇರಿಸಿ ಮಾಡಿನಂತೆ ಇಳಿಸಿದರೆ ಮನೆ. ಎದೆಯ ಮೇಲಿಟ್ಟ ಕೈಗಳು ಮೆಲ್ಲಗೆ ಕೆಳಗೆ ಜಾರಿ, ಜೊತೆಗೆ ಭುಜವೂ ಕುಸಿದರೆ ದಣಿವು. ಬಲಗೈ ತೋರುಬೆರಳಿಗೆ ಸೀಮೆಸುಣ್ಣದ ಬಿಳುಪು. ಮಣಿಕಟ್ಟಿನ ಹತ್ತಿರ ಹಳೆಯ ಸುಟ್ಟ ಕಲೆ. ಎಷ್ಟು ಹತ್ತಿರ ಕುಳಿತು ಬಸ್ಸಿನಲ್ಲಿ ಬಂದಿದ್ದ! ಆ ಕಲೆ ಕಂಡಿರಲಿಲ್ಲ.

ಒಂದೊಂದು ಮಾತನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದ. ಖಾಲಿ ಅಂಗಡಿಯಲ್ಲಿ ತಾನೂ ಕೈ ಎತ್ತಿ ಕಲಿತ. ಚಿಲ್ಲರೆ ಕೇಳಲು ಬಂದ ಪ್ರಭುರಾಜ ಬಾಗಿಲಲ್ಲೇ ನಿಂತ.

"ಏನಪ್ಪಾ ಸಂಜೀವ, ನೊಣ ಹೊಡಿಯಾಕತ್ತಿ?"

"ಮಾತು ಕಲಿಯಾಕತ್ತೀನಿ."

"ಮೂವತ್ತಾರಕ್ಕ? ಇನ್ನ ಲಗ್ನ ಯಾವಾಗ ಮಾರಾಯ?"

ಮಂಗಳವಾರ ಮಧ್ಯಾಹ್ನ ಇಪ್ಪತ್ತೆರಡು ಡಿಸ್ಕುಗಳು ಸಿದ್ಧವಾದವು. ಸಂಜೀವ ಹಳೆಯ ಹಾರ್ಡ್ ಡಿಸ್ಕು ತೆಗೆದ. ತಂಗಿಯ ಮದುವೆಯಿಂದ ಕತ್ತರಿಸಿ ಹಾಕಿದ ಹದಿನಾಲ್ಕು ತುಣುಕುಗಳನ್ನು ಹುಡುಕಿ, ಒಂದಕ್ಕೊಂದು ಜೋಡಿಸಿ, ಇಪ್ಪತ್ತಮೂರನೆಯ ಡಿಸ್ಕು ಮಾಡಿದ. ಅದನ್ನು ಮನೆಗೆ ಒಯ್ದು ತಾಯಿಯ ಮುಂದೆ ಹಾಕಿದ.

ಹಂದರದ ಕಂಬಕ್ಕೆ ಒರಗಿ ನಿಂತ ಆದೆಮ್ಮ. ಮಗಳಿಗೆ ಅರಿಶಿನ ಹಚ್ಚುವುದನ್ನು ದೂರದಿಂದ ನೋಡುವ ಆದೆಮ್ಮ. ಯಾರೂ ನೋಡುತ್ತಿಲ್ಲವೆಂದು ತಿಳಿದು ಮಗಳ ಕೆನ್ನೆಯನ್ನು ಎರಡೂ ಕೈಯಿಂದ ಸವರಿ, ನೆಟಿಗೆ ಮುರಿದ ಆದೆಮ್ಮ.

"ಇಲ್ಲೇ ಇದ್ದೆನಲ್ಲೋ," ಎಂದಳು ಮುದುಕಿ. ಅಳಲಿಲ್ಲ. ಇನ್ನೊಮ್ಮೆ ಹಾಕಿಸಿಕೊಂಡು ನೋಡಿದಳು.

"ಅವ್ವಾ, ನಂದು ತಪ್ಪಾತು."

"ಹೂಂ, ಆತು." ಆಕೆ ಅದನ್ನು ಅಲ್ಲಗಳೆಯಲಿಲ್ಲ. ಪರದೆಯಿಂದ ಕಣ್ಣು ತೆಗೆದು ಕೇಳಿದಳು, "ಇದನ್ನ ಮಾಡು ಅಂತ ಆ ಅಕ್ಕೋರು ಹೇಳಿದಳಾ?"

"ಹೇಳಲಿಲ್ಲ. ಕತ್ತರಿಸಿದ್ದು ಎಲ್ಲಿ ಅದ ಅಂತಷ್ಟೇ ಕೇಳಿದ್ರು."

"ಯಾರ ಪೈಕಿ ಆಕಿ?"

"ಕುರ್ಡಿ ಊರ ಹೊರಗಿನ ಓಣಿಯವರು, ಅವ್ವಾ. ಅವರ ಮನಿಯಾಗ ಬುದ್ಧನ ಪಟ ಅದ."

ಆದೆಮ್ಮ ತಿರುಗಿ ಪರದೆಯನ್ನು ನೋಡಿದಳು. ಅಲ್ಲಿ ಅವಳು ಇನ್ನೂ ಹಂದರದ ಹೊರಗೇ ನಿಂತಿದ್ದಳು.

"ನನ್ನ ಹೊರಗ ನಿಲ್ಲಿಸಿದೋರು ನಮ್ಮ ಮಂದೀನ, ಯಪ್ಪಾ," ಎಂದಳು. "ಆಕಿ ಒಳಗ ಕರಕೊಂಡಳು. ಹೋಗು, ಕೇಳು. ಕೈ ಮುಗಿದು ಕೇಳು."

*

ಬುಧವಾರ ಮಾನ್ವಿಯ ಶಾಲೆಯ ಹಜಾರದಲ್ಲಿ ಇಪ್ಪತ್ತೆರಡು ತಾಯಂದಿರು ಚಾಪೆಯ ಮೇಲೆ ಕುಳಿತಿದ್ದರು. ಚಂದ್ರಬಂಡದಿಂದ ಕೂಸನ್ನು ಕಟ್ಟಿಕೊಂಡು ಬಂದವಳು, ಕೂಲಿ ಬಿಟ್ಟು ದೇವದುರ್ಗದ ಮೊದಲ ಬಸ್ಸಿಗೆ ಬಂದವಳು. ಗೋಪಮ್ಮ ಮುಂದಿನ ಸಾಲಿನಲ್ಲಿದ್ದಳು. ಸಂಜೀವ ಡಿಸ್ಕುಗಳ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲ ಬಳಿ ನಿಂತ. ಮೌನೇಶ್ವರಿ ಅವನತ್ತ ನೋಡದೆ ಒಂದು ಡಿಸ್ಕು ತೆಗೆದುಕೊಂಡು ಪ್ಲೇಯರಿಗೆ ಹಾಕಿದಳು.

ಅರ್ಧ ಟಿವಿ ಕತ್ತಲೆ. ನಡುವೆ ಬೆಳಕು. ಬೆಳಕಿನಲ್ಲಿ ಕೈಗಳು.

ಸವಿತಾ ಟಿವಿಯ ಕೆಳಗೆ ಹುಡುಕಲಿಲ್ಲ. ಪರದೆಯಲ್ಲಿ ಕೈ ಎದ್ದಂತೆ ಅವಳ ಕೈ ಎದ್ದಿತು. ಗೋಪಮ್ಮನ ಕೈ ಎದ್ದಿತು. ಹತ್ತಿಯ ಸಿಪ್ಪೆಗೆ ಗೀರಿದ ಕೈ, ಬಳೆಯಿಲ್ಲದ ಕೈ, ಮಸಿ ಹತ್ತಿದ ಕೈ, ಒಂದೊಂದಾಗಿ ಎಲ್ಲವೂ ಎದ್ದವು. ನೋವು ಎಲ್ಲಿದೆ? ಹೊಟ್ಟೆಯಲ್ಲಿ. ತಲೆಯಲ್ಲಿ. ಕಿವಿಯಲ್ಲಿ. ಒಂದೂ ಸದ್ದಿಲ್ಲದ ಆ ಹಜಾರದಲ್ಲಿ ಅಷ್ಟೊಂದು ಮಾತು ನಡೆಯುತ್ತಿತ್ತು.

ಮೌನೇಶ್ವರಿ ಹಿಂತಿರುಗಿ ತಾಯಂದಿರನ್ನು ನೋಡಿದಳು. ಆಕೆಯ ನೋಟ ಸಾಲು ಸಾಲಾಗಿ ಸರಿದು ಬಾಗಿಲವರೆಗೆ ಬಂದಿತು. ಅಲ್ಲಿ, ಎಲ್ಲರ ಹಿಂದೆ, ಒಬ್ಬ ಗಂಡಸಿನ ಕೈಯೂ ಮೇಲೆದ್ದಿತ್ತು. ಆಕೆ ಕೆಳತುಟಿಯನ್ನು ಒಳಕ್ಕೆ ಎಳೆದುಕೊಂಡಳು. ಈ ಸಲ ಅದು ನಗೆಯನ್ನು ತಡೆಯಲೋ, ಕಣ್ಣೀರನ್ನು ತಡೆಯಲೋ ಅವನಿಗೆ ತಿಳಿಯಲಿಲ್ಲ.

ಮಧ್ಯಾಹ್ನ ತಾಯಂದಿರು ಗಂಟುಮೂಟೆ ಕಟ್ಟುವಾಗ ಆಕೆ ಅಂಗಳದ ನೀರಿನ ತೊಟ್ಟಿಯ ಹತ್ತಿರ ಒಬ್ಬಳೇ ನಿಂತಿದ್ದಳು. ವರ್ಷವಿಡೀ ದುಡಿದ ದಣಿವು ಭುಜದಲ್ಲಿತ್ತು.

"ಮಾತು ಉಳಿಸ್ಕೊಂಡ್ರಿ," ಎಂದಳು.

"ಅವ್ವಗ ಆಕಿ ಡಿಸ್ಕೂ ಮಾಡಿ ಕೊಟ್ಟೀನಿ. ನೋಡಿದಳು."

"ಏನಂದ್ರು?"

"ಹೋಗು, ಕೇಳು ಅಂದಳು."

"ಏನು ಕೇಳು ಅಂದ್ರು?"

ಸಂಜೀವ ಡಬ್ಬಿ ಕೆಳಗಿಟ್ಟ. ಆಕೆಯನ್ನು ತೋರಿಸಿ, ಎರಡು ಕೈಗಳನ್ನು ಹೊಟ್ಟೆಯ ಮೇಲಿಟ್ಟು ಕೆಳಕ್ಕೆ ಜಾರಿಸಿದ. ತನ್ನನ್ನು ತೋರಿಸಿಕೊಂಡು ಹಾಗೆಯೇ ಮಾಡಿದ.

ಆಕೆ ಹುಬ್ಬು ಗಂಟಿಕ್ಕಿದಳು. "ನಾ ಹಸಿದೀನಾ? ನೀವೂ ಹಸಿದೀರಾ?"

"ದಣಿವ್ರೀ. ನೀವು ದಣಿದೀರಿ, ನಾನೂ ದಣಿದೀನಿ ಅಂತ."

"ದಣಿವು ಎದಿಯಿಂದ ಶುರು ಆಗತದ, ಹೊಟ್ಟಿಯಿಂದ ಅಲ್ಲ." ಆಕೆ ಹತ್ತಿರ ಬಂದು ಅವನ ಮಣಿಕಟ್ಟು ಹಿಡಿದು ಕೈಗಳನ್ನು ಎದೆಯವರೆಗೆ ಎತ್ತಿದಳು. ಸೀಮೆಸುಣ್ಣದ ಬೆರಳು ಅವನ ಅಂಗಿಯ ಮೇಲೆ ಬಿಳಿಯ ಗುರುತು ಬಿಟ್ಟಿತು. "ಹೂಂ. ಮುಂದ?"

'ಅನ್ನ' ಎಂದಿತು ಅವನ ಕೈ. 'ಕೂಡಿ.' 'ಬಾ.' ಆಮೇಲೆ ಎರಡು ಕೈಗಳನ್ನೂ ಚಾಚಿ ನಿಂತುಬಿಟ್ಟ.

ಆಕೆ ಬಹಳ ಹೊತ್ತು ಆ ಕೈಗಳನ್ನೇ ನೋಡಿದಳು.

"ಗಂಡಸರು ಇಂಥ ಹೊತ್ತಿನ್ಯಾಗ ಪ್ರೀತಿ ಅಂತ ಏನೋ ಹೇಳತಾರಂತ," ಎಂದಳು. "ನೀವು ಅದನ್ನ ಅನ್ನಲೇ ಇಲ್ಲ."

"ನಿಮ್ಮ ಒಂಬತ್ತು ಪಾಠದಾಗ ಆ ಮಾತು ಇಲ್ರೀ. ಇದ್ದಷ್ಟರಾಗ ಹೇಳೀನಿ."

"ಅವ್ವಂದಿರಿಗೆ ಅದನ್ನ ಕಲಿಸೋ ಜರೂರತ್ತು ಇರಲಿಲ್ಲ." ಆಕೆಯ ದನಿ ಒದ್ದೆಯಾಗಿತ್ತು. ಮತ್ತೆ ನೆಟ್ಟಗಾಯಿತು. "ನಾ ಸಾಲಿ ಬಿಡಂಗಿಲ್ಲ."

"ಬಿಟ್ರ ನನಗ ಕಲಿಸೋರು ಯಾರು?"

"ನಮ್ಮ ಓಣಿಗೆ ಬಂದು ನಮ್ಮವ್ವನ ಕೈಯಾಗಿನ ನೀರು ಕುಡೀಬೇ​ಕು. ಹಗಲಿನ್ಯಾಗ. ಎಲ್ಲಾರೂ ನೋಡೋ ಹಂಗ."

"ಅವ್ವನೂ ಬರತಾಳ. ಆಕಿಗೆ ಬಾಯಾರಿ ಎಂಟು ವರ್ಷ ಆಗ್ಯಾವ."

ಆಕೆ ಬಲ ಅಂಗೈಯನ್ನು ಓರೆಯಾಗಿ ಎತ್ತಿ ಗಾಳಿಯಲ್ಲಿ ಹಿಡಿದಳು. ಮಾಡಿನ ಒಂದು ಪಾಲು. ಇನ್ನೊಂದು ಪಾಲು ಇರಲಿಲ್ಲ. ಎಡಗೈಯನ್ನು ಬೇಕೆಂದೇ ಬೆನ್ನ ಹಿಂದೆ ಇಟ್ಟುಕೊಂಡಿದ್ದಳು.

ಸಂಜೀವನಿಗೆ 'ಮನೆ'ಯ ಪಾಠ ನೆನಪಾಯಿತು. ತನ್ನ ಅಂಗೈಯನ್ನು ಎತ್ತಿ, ಬೆರಳ ತುದಿಗೆ ತುದಿ ತಾಗಿಸಿ ಆನಿಸಿದ.

ಗಂಟು ಹೊತ್ತ ತಾಯಿಯ ಪಕ್ಕದಿಂದ ಸವಿತಾ ಇದನ್ನೆಲ್ಲ ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಿಕೊಂಡು, ತನ್ನ ಅಕ್ಕೋರಂತೆಯೇ ಹೆಜ್ಜೆ ಹಾಕುತ್ತ ಅವರ ಹತ್ತಿರ ಬಂದಳು. ಮಾಡು ಒಂದು ಕಡೆಗೆ ವಾಲಿತ್ತು. ಅವಳು ಹಿಮ್ಮಡಿ ಎತ್ತಿ, ಸಂಜೀವನ ಮೊಣಕೈಗೆ ತನ್ನ ಕೈ ಆನಿಸಿ ಮೇಲಕ್ಕೆ ನೂಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

ಆಮೇಲೆ, ಈಗ ಸರಿಯಾಯಿತು ಎಂಬಂತೆ, ತಲೆಯಾಡಿಸಿದಳು.